ಎಂಬಾರ್ಗೊ ಮುಗಿಯಲಿ ಅಂತ ಕಾಯೋದಾ, ಜರ್ನಲ್ ಚಂದಾ ಕಟ್ಟೋದಾ?

ಗೋಣಿಕೊಪ್ಪ ಲೈಬ್ರರಿಯನ್

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಒಂದು ಖಾಸಗಿ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತೇನೆ. ಮುಂದಿನ ವರ್ಷದ ಜರ್ನಲ್ ಪಟ್ಟಿಯನ್ನು ಆಡಳಿತ ಮಂಡಳಿಯ ಮುಂದೆ ಇಡುವ ಸಮಯ ಬಂದಿದೆ. ಕಳೆದ ಸಭೆಯಲ್ಲಿ ಹಿರಿಯರೊಬ್ಬರು, "ಈ ಪೇಪರ್‌ಗಳೆಲ್ಲ ಒಂದು ವರ್ಷ ಆದಮೇಲೆ ಫ್ರೀ ಆಗುತ್ತವಂತೆ, ಮತ್ತೆ ನಾವು ಯಾಕೆ ದುಡ್ಡು ಕೊಡಬೇಕು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸರಿಯಾದ ಉತ್ತರ ಕೊಡಬೇಕು ಅಂತ ಇಲ್ಲಿ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಚಂದಾ ಜರ್ನಲ್‌ನಲ್ಲಿ ಸಂಶೋಧನಾ ಪೇಪರ್ ಬಂದಾಗ, ಲೇಖಕರು ತಮ್ಮ ಹಸ್ತಪ್ರತಿಯನ್ನು ಸಂಸ್ಥೆಯ ರೆಪೊಸಿಟರಿಯಲ್ಲಿ (ಆನ್‌ಲೈನ್ ಸಂಗ್ರಹದಲ್ಲಿ) ಇಡಬಹುದು. ಅಂದರೆ ಪರಿಶೀಲನೆ ಮುಗಿದು ಒಪ್ಪಿಗೆ ಸಿಕ್ಕಿದ, ಆದರೆ ಜರ್ನಲ್‌ನವರು ಇನ್ನೂ ಪುಟ ವಿನ್ಯಾಸ ಮಾಡದ ಪ್ರತಿ. ಆದರೆ ಅದನ್ನು ತಕ್ಷಣ ಎಲ್ಲರಿಗೂ ತೆರೆಯುವ ಹಾಗಿಲ್ಲ, ಪ್ರಕಾಶಕರು ಹೇಳಿದಷ್ಟು ತಿಂಗಳು ಮುಚ್ಚಿಡಬೇಕು. ಅದೇ ಎಂಬಾರ್ಗೊ. ವಿಜ್ಞಾನಕ್ಕೆ ಹೆಚ್ಚಾಗಿ 12 ತಿಂಗಳು. ಇತಿಹಾಸ, ಸಮಾಜಶಾಸ್ತ್ರ ಇಂಥವಕ್ಕೆ ಎಷ್ಟೋ ಕಡೆ 18 ಅಥವಾ 24. ಇನ್ನು ಕೆಲವು ಜರ್ನಲ್‌ಗಳು ತಾವೇ ಹಳೆಯ ಲೇಖನಗಳನ್ನು ತೆರೆಯುತ್ತವೆ. ಅಮೆರಿಕದ ವಿಜ್ಞಾನ ಅಕಾಡೆಮಿಯ ಜರ್ನಲ್ ಪಿಎನ್‌ಎಎಸ್ 6 ತಿಂಗಳಿಗೆ ತೆರೆಯುತ್ತದೆ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಕೂಡ ಸಂಶೋಧನಾ ಲೇಖನಗಳನ್ನು 6 ತಿಂಗಳಿಗೆ ಬಿಡುತ್ತದೆ.

ಎಂಬಾರ್ಗೊ ಕಡಿಮೆ ಇದೆ ಅಂತ ನಿಮ್ಮಲ್ಲಿ ಯಾರಾದರೂ ಚಂದಾ ನಿಲ್ಲಿಸಿದ್ದೀರಾ? ಅಥವಾ ಜಾಸ್ತಿ ಇದೆ ಅನ್ನೋ ಒಂದೇ ಕಾರಣಕ್ಕೆ ಕಟ್ಟುತ್ತಿದ್ದೀರಾ?

ಕುಶಾಲನಗರದವ, ಸದ್ಯ ಬೆಂಗಳೂರು

ಅಕ್ಕ, ನಾನು ಬೆಂಗಳೂರಲ್ಲಿ ಜರ್ನಲ್‌ಗಳ ಪುಟ ವಿನ್ಯಾಸ ಮಾಡುವ ಕಂಪನಿಯಲ್ಲಿದ್ದೇನೆ. ಪ್ರಕಾಶಕರ ವಾದ ದಿನಾ ಕಿವಿಗೆ ಬೀಳುತ್ತದೆ. ಅದನ್ನು ಮೊದಲು ಹೇಳುತ್ತೇನೆ, ಆಮೇಲೆ ನನ್ನ ಅಭಿಪ್ರಾಯ.

ಅವರ ಲೆಕ್ಕ ಹೀಗೆ. ಲೈಬ್ರರಿಯವರು ದುಡ್ಡು ಕೊಡೋದು ಹೊಸ ಪೇಪರ್ ತಕ್ಷಣ ಸಿಗಲಿ ಅಂತ. ಬಂದ ದಿನವೇ ಫ್ರೀ ಪ್ರತಿ ಸಿಕ್ಕಿದರೆ ಯಾರು ಕಟ್ಟುತ್ತಾರೆ? ಅದಕ್ಕೆ ಒಂದಷ್ಟು ಕಾಲ ತಡೆ ಬೇಕು ಅಂತಾರೆ. 2013ರಲ್ಲಿ ಅಮೆರಿಕದ ಪ್ರಕಾಶಕರ ಸಂಘಕ್ಕಾಗಿ ಒಂದು ಅಧ್ಯಯನ ಆಯಿತು. 2,812 ಜರ್ನಲ್‌ಗಳ ಡೌನ್‌ಲೋಡ್ ನೋಡಿದರು. ಒಟ್ಟು ಡೌನ್‌ಲೋಡ್‌ನಲ್ಲಿ ಅರ್ಧ ಭಾಗ ಎಷ್ಟು ಹಳೆಯ ಪೇಪರ್‌ಗಳದ್ದು ಅನ್ನೋ ಲೆಕ್ಕ. ವೈದ್ಯಕೀಯದಲ್ಲಿ ಆ ವಯಸ್ಸು 2ರಿಂದ 3 ವರ್ಷ, ಗಣಿತ, ಭೌತಶಾಸ್ತ್ರ, ಮಾನವಿಕದಲ್ಲಿ 4ರಿಂದ 5 ವರ್ಷ. 12 ತಿಂಗಳಿಗಿಂತ ಕಡಿಮೆ ಇದ್ದದ್ದು ನೂರಕ್ಕೆ ಮೂರು ಜರ್ನಲ್ ಮಾತ್ರ. ಇದನ್ನೇ ಹಿಡಿದುಕೊಂಡು, "ನೋಡಿ, ಒಂದು ವರ್ಷದ ತಡೆ ಸಾಲದು" ಅಂತ ವಾದ ಮಾಡಿದರು.

ಆದರೆ ಹಳೆಯ ಪೇಪರ್ ಓದುತ್ತಾರೆ ಅನ್ನೋದು ಒಂದು ವಿಷಯ, ಹಳೆಯದು ಫ್ರೀ ಆದರೆ ಚಂದಾ ನಿಲ್ಲಿಸುತ್ತಾರೆ ಅನ್ನೋದು ಇನ್ನೊಂದು. ಎರಡನೆಯದನ್ನು ಆ ಅಧ್ಯಯನ ಅಳೆಯಲೇ ಇಲ್ಲ.

ಅಳೆಯಬೇಕಾದರೆ ಆರ್ಕೈವ್ (arXiv) ಅನ್ನೋ ಫ್ರೀ ಸೈಟ್ ನೋಡಬೇಕು. 1991ರಿಂದ ಭೌತಶಾಸ್ತ್ರದವರು ಪೇಪರ್‌ಗಳನ್ನು ಅಲ್ಲಿ ಹಾಕುತ್ತಿದ್ದಾರೆ, ಜರ್ನಲ್‌ಗೆ ಬರೋ ಮೊದಲೇ. ಅಂದರೆ ಅಲ್ಲಿ ತಡೆ ಸೊನ್ನೆ. ಆದರೂ ಭೌತಶಾಸ್ತ್ರದ ದೊಡ್ಡ ಚಂದಾ ಜರ್ನಲ್‌ಗಳು ಮುಚ್ಚಿಹೋಗಲಿಲ್ಲ. ಯುರೋಪಿನಲ್ಲಿ 2008ರಿಂದ 2012ರವರೆಗೆ ಪೀರ್ ಅಂತ ಒಂದು ಯೋಜನೆ ನಡೆಯಿತು, ಅದರಲ್ಲಿ ಪ್ರಕಾಶಕರೂ ಇದ್ದರು. ರೆಪೊಸಿಟರಿಯಲ್ಲಿ ಪ್ರತಿ ಇಟ್ಟರೆ ಪ್ರಕಾಶಕರ ಸೈಟಿಗೆ ಬರೋ ಓದುಗರು ಕಡಿಮೆ ಆಗ್ತಾರಾ ಅಂತ ನೋಡಿದರು. ಕಡಿಮೆ ಆಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು.

ಮಾದಾಪುರ ಬೆಳೆಗಾರ

ನಾನು ಕಾಲೇಜಿನವನಲ್ಲ, ತೋಟದವನು. ಆದರೂ ಈ ವಿಷಯ ನನಗೆ ಸಂಬಂಧಪಟ್ಟದ್ದೇ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಅರೇಬಿಕಾ ಕಾಫಿ. ಬಿಳಿ ಕಾಂಡಕೊರಕದ ಕಾಟ ಎಲ್ಲರಿಗೂ ಗೊತ್ತು. ಹುಳು ಹಾರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಇನ್ನೊಮ್ಮೆ. ಅದಕ್ಕೆ ಮೊದಲೇ ಹುಳು ಹಿಡಿದ ಗಿಡ ಪತ್ತೆ ಮಾಡಿ ಕಿತ್ತು ಸುಡಬೇಕು. ಇದರ ಮೇಲೆ ಹೊಸ ಕೆಲಸ ನಡೀತಾನೇ ಇರುತ್ತದೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಾರಾಂಶ ಸಿಗುತ್ತದೆ, ಒತ್ತಿದರೆ 30-40 ಡಾಲರ್ ಕೇಳುತ್ತದೆ. ಒಂದು ಪೇಪರ್‌ಗೆ! ಅದರಲ್ಲಿ ನಮಗೆ ಉಪಯೋಗ ಆಗೋದು ಇದೆಯೋ ಇಲ್ಲವೋ ಓದಿದ ಮೇಲೆ ತಾನೇ ಗೊತ್ತಾಗೋದು?

ನಿಮಗೆ 12 ತಿಂಗಳು ಅಂದರೆ ಒಂದು ಸಂಖ್ಯೆ. ನಮಗೆ ಅದು ಪೂರ್ತಿ ಒಂದು ಬೆಳೆ. ಎರಡೂ ಹಾರಾಟ ಮುಗಿದಿರುತ್ತದೆ. ಮೆಣಸಿನ ಸೊರಗು ರೋಗದ ವಿಷಯವೂ ಅಷ್ಟೇ. ಮಳೆಗಾಲಕ್ಕೆ ಮುಂಚೆ ಗೊತ್ತಾದರೆ ಉಪಯೋಗ, ಮುಂದಿನ ವರ್ಷ ಗೊತ್ತಾದರೆ ಬಳ್ಳಿ ಹೋಗಿರುತ್ತದೆ. ಇಲ್ಲಿಯ ತೋಟದಲ್ಲಿ, ಇಲ್ಲಿಯ ಗಿಡದ ಮೇಲೆ, ಸರಕಾರದ ದುಡ್ಡಲ್ಲಿ ಮಾಡಿದ ಕೆಲಸವನ್ನು ಇಲ್ಲಿಯ ಬೆಳೆಗಾರ ಓದೋಕೆ ಆಗಲ್ಲ ಅನ್ನೋದು ನನಗೆ ಯಾವ ರೀತಿಯಲ್ಲೂ ಸರಿ ಕಾಣೋದಿಲ್ಲ.

ಗೋಣಿಕೊಪ್ಪ ಲೈಬ್ರರಿಯನ್

ಅಣ್ಣ, ನೀವು ಬರೆದದ್ದು ಒಳ್ಳೇದಾಯಿತು. ಚಂದಾ ಲೆಕ್ಕದಲ್ಲಿ ಓದುಗರು ಅಂದರೆ ಕಾಲೇಜಿನೊಳಗಿನವರು ಮಾತ್ರ. ನಿಮ್ಮಂಥವರು ಆ ಲೆಕ್ಕಕ್ಕೇ ಬರೋದಿಲ್ಲ. ನೀವು ಯಾವತ್ತೂ ಚಂದಾ ಕಟ್ಟೋರಲ್ಲ, ಹಾಗಾಗಿ ನಿಮ್ಮನ್ನು ತಡೆದು ಪ್ರಕಾಶಕರಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗೋದಿಲ್ಲ.

ನಿಮಗೆ ಈಗಲೇ ಉಪಯೋಗ ಆಗೋ ಒಂದು ಮಾತು. ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತು ಐಸಿಎಆರ್‌ನ ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ ಅವರ ಸೈಟಿನಲ್ಲೇ ಫ್ರೀ ಇದೆ, ಕಾಯೋ ಅಗತ್ಯವೇ ಇಲ್ಲ. ಬೆಂಗಳೂರಿನಿಂದ 1932ರಿಂದ ಬರುತ್ತಿರೋ ಕರೆಂಟ್ ಸೈನ್ಸ್ ಕೂಡ ಫ್ರೀ. ಅನ್‌ಪೇವಾಲ್ ಅಂತ ಬ್ರೌಸರ್‌ಗೆ ಹಾಕಿಕೊಳ್ಳೋದು ಒಂದು ಇದೆ. ಪೇಪರ್ ಪುಟ ತೆರೆದಾಗ ಬೇರೆಲ್ಲಾದರೂ ಕಾನೂನುಬದ್ಧ ಫ್ರೀ ಪ್ರತಿ ಇದ್ದರೆ ಹಸಿರು ಗುರುತು ತೋರಿಸುತ್ತದೆ.

ದೇವರಕಾಡು

ನಮಸ್ತೆ. ನಾನು ಸರಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಕೊಡಗಿನ ದೇವರಕಾಡುಗಳ ಮರಗಳ ಮೇಲೆ.

ನನಗೆ ಈಗ ಎಂಬಾರ್ಗೊ ತಟ್ಟೋದೇ ಇಲ್ಲ, ಒಎನ್‌ಒಎಸ್ ಬಂದಿದೆ. ಗೊತ್ತಿಲ್ಲದವರಿಗೆ: ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿತು, 2025ರ ಜನವರಿಯಿಂದ ಶುರು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಕೇಂದ್ರ ಮತ್ತು ರಾಜ್ಯ ಸರಕಾರದ ಉನ್ನತ ಶಿಕ್ಷಣ ಸಂಸ್ಥೆಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು, ಒಟ್ಟು 6,300ಕ್ಕೂ ಹೆಚ್ಚು. ವಿಶ್ವವಿದ್ಯಾಲಯ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಅಕ್ಕನ ಕಾಲೇಜಿನಂಥ ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಇಲ್ಲ.

ಹಾಗಾಗಿ ಈಗ ಪರಿಸ್ಥಿತಿ ಹೀಗಿದೆ. ಸರಕಾರಿ ಕಾಲೇಜಿನವರಿಗೆ ಪೇಪರ್ ಬಂದ ದಿನವೇ ಸಿಗುತ್ತದೆ, ಅಲ್ಲಿಂದ ಬಸ್‌ನಲ್ಲಿ ಅರ್ಧ ಗಂಟೆ ದೂರದ ಖಾಸಗಿ ಕಾಲೇಜಿನ ಮೇಷ್ಟ್ರಿಗೆ ಒಂದು ವರ್ಷ ಆದಮೇಲೆ. ಬೆಳೆಗಾರರಿಗೂ ಒಂದು ವರ್ಷ ಆದಮೇಲೆ.

ಆದರೆ ಆ "ಒಂದು ವರ್ಷ ಆದಮೇಲೆ" ಅನ್ನೋದೂ ನಿಜ ಅಲ್ಲ! ಎಲ್ಲರೂ ಗಮನಿಸಬೇಕಾದ್ದು ಇದು. ಎಂಬಾರ್ಗೊ ಮುಗಿದರೆ ಪೇಪರ್ ತಾನಾಗಿಯೇ ತೆರೆದುಕೊಳ್ಳೋದಿಲ್ಲ. ಲೇಖಕರು ಹಸ್ತಪ್ರತಿಯನ್ನು ರೆಪೊಸಿಟರಿಯಲ್ಲಿ ಹಾಕಿದ್ದರೆ ಮಾತ್ರ ತೆರೆಯುತ್ತದೆ. ಹಾಕದಿದ್ದರೆ 12 ತಿಂಗಳಲ್ಲ, 12 ವರ್ಷ ಆದರೂ ಪೇವಾಲ್ ಹಿಂದೆಯೇ, ಅಂದರೆ ದುಡ್ಡು ಕೊಟ್ಟರೆ ಮಾತ್ರ ತೆರೆಯೋ ಹಾಗೆಯೇ ಇರುತ್ತದೆ. ನಮ್ಮ ದೇಶದಲ್ಲಿ ನಿಯಮ ಇಲ್ಲ ಅಂತಲ್ಲ. ಐಸಿಎಆರ್ 2013ರಲ್ಲೇ ಓಪನ್ ಆಕ್ಸೆಸ್ (ಎಲ್ಲರಿಗೂ ಫ್ರೀ ಓದು) ನೀತಿ ತಂದಿತು. 2014ರ ಡಿಸೆಂಬರ್‌ನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ತಂದವು. ಪೇಪರ್ ಒಪ್ಪಿಗೆ ಆಗಿ ಎರಡು ವಾರದೊಳಗೆ ಹಸ್ತಪ್ರತಿ ಹಾಕಬೇಕು, ಎಂಬಾರ್ಗೊ ಒಂದು ವರ್ಷ ಮೀರದಿರಲಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಹಾಕಿದ್ದೀರಾ ಅಂತ ಕೇಳೋರು ಯಾರು? ನನ್ನ ವಿಷಯದಲ್ಲಿ ಪೇಪರ್ ಹುಡುಕುವಾಗ ಮತ್ತೆ ಮತ್ತೆ ಕಂಡದ್ದು ಇದೇ. ತಡೆ ಮುಗಿದು ಎಷ್ಟೋ ಕಾಲ ಆಗಿರುತ್ತದೆ, ಫ್ರೀ ಪ್ರತಿ ಎಲ್ಲೂ ಇರೋದಿಲ್ಲ. ಮುಂಚೆ ನಾನು ಲೇಖಕರಿಗೆ ಮೇಲ್ ಬರೆದು ಬೇಡಿಕೊಳ್ಳುತ್ತಿದ್ದೆ. ಸುಮಾರು ಜನ ಪ್ರೀತಿಯಿಂದ ಕಳಿಸಿದ್ದಾರೆ, ಅದನ್ನೂ ಹೇಳಬೇಕು.

ಅಕ್ಕ, ಹಾಗಾಗಿ ಮಂಡಳಿಯ ಹಿರಿಯರಿಗೆ, "ಒಂದು ವರ್ಷ ಆದಮೇಲೆ ಫ್ರೀ ಅನ್ನೋದು ಕಾಗದದ ಮೇಲೆ ಮಾತ್ರ" ಅಂತ ಹೇಳಿ.

ಸೋಮವಾರಪೇಟೆ ಮೇಷ್ಟ್ರು

ತಂಗಿ ಬರೆದದ್ದನ್ನು ಒಪ್ಪುತ್ತೇನೆ. ಆದರೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಬಿಟ್ಟರೆ ಅನ್ಯಾಯ ಆಗುತ್ತದೆ. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ದೊಡ್ಡ ಕಂಪನಿಗಳ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರೋದು ಸಣ್ಣ ಸಂಘ, ಪರಿಷತ್ತುಗಳು ನಡೆಸುವ ಜರ್ನಲ್‌ಗಳ ಬಗ್ಗೆ. ಒಂದೋ ಎರಡೋ ಪತ್ರಿಕೆ, ಕೆಲವೇ ನೂರು ಚಂದಾದಾರರು, ಸಂಪಾದಕರಿಗೆ ಸಂಬಳವೂ ಇಲ್ಲ. ಅಂಥವರು ತಡೆ ತೆಗೆಯೋಕೆ ಹೆದರಿದರೆ ಅದು ದುರಾಸೆ ಅಲ್ಲ.

ಹೆದರಿಕೆಗೆ ಆಧಾರವೂ ಇದೆ. ಗಣಿತದ ದೊಡ್ಡ ಹೆಸರು ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಕೆಲವು ವರ್ಷ ಪೂರ್ತಿ ಫ್ರೀ ಇತ್ತು. ಚಂದಾದಾರರು ಇಳಿದರು, 2008ರಲ್ಲಿ ಅದನ್ನು ಕೈಬಿಟ್ಟರು. ಕುಶಾಲನಗರದ ತಮ್ಮ ಆರ್ಕೈವ್ ಉದಾಹರಣೆ ಕೊಟ್ಟರು, ಸರಿ. ಆದರೆ ಅಲ್ಲಿ ಇರೋದು ಹಸ್ತಪ್ರತಿ. ಅಂತಿಮ ಸಂಚಿಕೆಯೇ ಪುಕ್ಕಟೆ ಅಂದಾಗ ಕಥೆ ಬೇರೆ. ಎರಡನ್ನೂ ಒಂದೇ ಅಂತ ನೋಡಬಾರದು.

ನಮ್ಮ ವಿಷಯದಲ್ಲಿ ತಡೆ ಯಾವಾಗಲೂ ಉದ್ದ. ಹಳೆಯ ಜರ್ನಲ್‌ಗಳ ಆನ್‌ಲೈನ್ ಸಂಗ್ರಹ ಜೆಸ್ಟೋರ್‌ನಲ್ಲಿ ಎಷ್ಟೋ ಪತ್ರಿಕೆಗಳ ಇತ್ತೀಚಿನ 3ರಿಂದ 5 ವರ್ಷದ ಸಂಚಿಕೆ ಇರೋದೇ ಇಲ್ಲ, ವರ್ಷ ಕಳೆದ ಹಾಗೆ ಒಂದೊಂದೇ ಸಂಪುಟ ಸೇರುತ್ತಾ ಹೋಗುತ್ತದೆ. ಇತಿಹಾಸಕ್ಕೆ ಅದರಿಂದ ತೋಟದವರಷ್ಟು ನಷ್ಟ ಇಲ್ಲ, ಒಪ್ಪಿದೆ. ಕೊಡಗಿನ ಅರಸ ಲಿಂಗರಾಜನ ಕಾಲದ ಭೂಮಿ ದಾಖಲೆಯ ಬಗ್ಗೆ ಎರಡು ವರ್ಷ ತಡವಾಗಿ ಓದಿದರೆ ಬೆಳೆ ಹೋಗೋದಿಲ್ಲ. ಆದರೆ ಎಂ.ಎ. ಓದೋ ಹುಡುಗನ ಎರಡು ವರ್ಷ ಅಂದರೆ ಅವನ ಓದೇ ಮುಗಿದಿರುತ್ತದೆ, ಅಲ್ವಾ?

ಮಡಿಕೇರಿ ಡಾಕ್ಟರ್

ನಾನು ಸ್ವಂತ ಕ್ಲಿನಿಕ್ ನಡೆಸುತ್ತೇನೆ. ಯಾವ ಲೈಬ್ರರಿಯೂ ನನಗಿಲ್ಲ. ನನ್ನ ಓದೆಲ್ಲ ನಡೆಯೋದು ವೈದ್ಯಕೀಯ ಪೇಪರ್‌ಗಳ ಫ್ರೀ ಸಂಗ್ರಹ ಪಬ್‌ಮೆಡ್ ಸೆಂಟ್ರಲ್‌ನಲ್ಲಿ, ಅದೂ ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಡೋ ಅಮೆರಿಕದ ಸರಕಾರಿ ಸಂಸ್ಥೆ ಎನ್‌ಐಎಚ್ ತಂದ ನಿಯಮದ ಪುಣ್ಯದಿಂದ. 2008ರಿಂದ ಅವರ ಅನುದಾನದ ಪೇಪರ್‌ಗಳು ಹೆಚ್ಚೆಂದರೆ 12 ತಿಂಗಳಲ್ಲಿ ಅಲ್ಲಿ ತೆರೆಯಲೇಬೇಕಿತ್ತು. ಈಗ 2025ರ ಜುಲೈ 1ರಿಂದ ಒಪ್ಪಿಗೆಯಾದ ಪೇಪರ್‌ಗಳಿಗೆ ಆ 12 ತಿಂಗಳೂ ಇಲ್ಲ, ಪ್ರಕಟವಾದ ದಿನವೇ ತೆರೆಯಬೇಕು. ಬ್ರಿಟನ್‌ನಲ್ಲಿ ಸಂಶೋಧನೆಗೆ ಸರಕಾರದ ದುಡ್ಡು ಹಂಚೋ ಯುಕೆಆರ್‌ಐ 2022ರ ಏಪ್ರಿಲ್‌ನಲ್ಲೇ ಎಂಬಾರ್ಗೊ ಒಪ್ಪೋದಿಲ್ಲ ಅಂದಿತು. ಯುರೋಪಿನ ಅನುದಾನ ಸಂಸ್ಥೆಗಳು ಸೇರಿ 2018ರಲ್ಲಿ ಘೋಷಿಸಿದ ಪ್ಲಾನ್ ಎಸ್ ಕೂಡ ಸೊನ್ನೆಯನ್ನೇ ಹೇಳಿದ್ದು.

ದೇವರಕಾಡಿನ ತಂಗಿ ಹೇಳಿದ ಮಾತಿಗೆ ಇದು ಸಾಕ್ಷಿ. ಎನ್‌ಐಎಚ್ ನಿಯಮ ಕೆಲಸ ಮಾಡಿದ್ದು 12 ಅನ್ನೋ ಸಂಖ್ಯೆಯಿಂದ ಅಲ್ಲ. ಪೇಪರ್ ಹಾಕದಿದ್ದರೆ ಮುಂದಿನ ಅನುದಾನಕ್ಕೆ ತೊಂದರೆ ಅಂತ ಆದಮೇಲೆ ಎಲ್ಲರೂ ಹಾಕೋಕೆ ಶುರು ಮಾಡಿದರು. ನಮ್ಮಲ್ಲಿ ಅದೇ ಇಲ್ಲ. ಇಲ್ಲಿಯ ರೋಗಿಗಳ ಮೇಲೆ ಮಾಡಿದ ಅಧ್ಯಯನ ನನಗೆ ಸಿಗೋದಿಲ್ಲ, ಬಾಸ್ಟನ್‌ನ ರೋಗಿಗಳದ್ದು ಸಿಗುತ್ತದೆ.

ಕುಶಾಲನಗರದವ, ಸದ್ಯ ಬೆಂಗಳೂರು

ಮೇಷ್ಟ್ರೇ, ಆ್ಯನಲ್ಸ್ ವಿಷಯ ನೀವು ಹೇಳಿದ್ದು ಸರಿ, ಹಸ್ತಪ್ರತಿ ಬೇರೆ ಅಂತಿಮ ಪ್ರತಿ ಬೇರೆ. ಆದರೆ ಹಸ್ತಪ್ರತಿಗೆ ತಡೆ ತೆಗೆದವರೂ ಬದುಕಿದ್ದಾರೆ. ಸೇಜ್‌ನವರು ಹಸ್ತಪ್ರತಿಗೆ ಎಂಬಾರ್ಗೊ ಹಾಕೋದಿಲ್ಲ. ಎಮರಾಲ್ಡ್ 2017ರಲ್ಲಿ ತೆಗೆದುಹಾಕಿತು. ಇಬ್ಬರೂ ಹೆಚ್ಚಾಗಿ ಸಮಾಜ ವಿಜ್ಞಾನ, ಮ್ಯಾನೇಜ್‌ಮೆಂಟ್ ಜರ್ನಲ್ ಮಾಡೋರು. ಇಬ್ಬರೂ ಇವತ್ತಿಗೂ ಚಂದಾ ಮಾರುತ್ತಿದ್ದಾರೆ.

ಡಾಕ್ಟರ್ ಸಾರ್, ಸೊನ್ನೆ ತಿಂಗಳು ಅಂದ ತಕ್ಷಣ ಖುಷಿ ಪಡೋ ಮುಂಚೆ ಒಂದು ಎಚ್ಚರಿಕೆ. ಪ್ರಕಾಶಕರು ಆ ದುಡ್ಡನ್ನು ಬೇರೆ ಕಡೆಯಿಂದ ಕೇಳೋಕೆ ಶುರು ಮಾಡಿದ್ದಾರೆ. ಅಮೆರಿಕನ್ ಕೆಮಿಕಲ್ ಸೊಸೈಟಿ 2023ರಲ್ಲಿ ಹೊಸ ಶುಲ್ಕ ತಂದಿತು. ಎಂಬಾರ್ಗೊ ಇಲ್ಲದೆ ನಿಮ್ಮದೇ ಹಸ್ತಪ್ರತಿಯನ್ನು ರೆಪೊಸಿಟರಿಯಲ್ಲಿ ತೆರೆದಿಡಬೇಕಾ? 2,500 ಡಾಲರ್ ಕೊಡಿ. ಲೇಖಕರೇ ದುಡ್ಡು ಕೊಟ್ಟು ಅಂತಿಮ ಪ್ರತಿ ತೆರೆಸೋದಾದರೆ ನೇಚರ್ 2020ರಲ್ಲಿ ಹೇಳಿದ ದರ 9,500 ಯೂರೊ. ಇಲ್ಲಿಯ ಪಿಎಚ್‌ಡಿ ವಿದ್ಯಾರ್ಥಿ ಎಲ್ಲಿಂದ ತರಬೇಕು? ಓದೋರ ಬಾಗಿಲು ತೆಗೆದು ಬರೆಯೋರ ಬಾಗಿಲು ಮುಚ್ಚಿದರೆ ನಮ್ಮ ಊರಿನವರಿಗೆ ಲಾಭ ಇಲ್ಲ. ನನ್ನ ಮಟ್ಟಿಗೆ, ಸ್ವಲ್ಪ ತಿಂಗಳ ತಡೆ ಇದ್ದರೂ ಶುಲ್ಕ ಇಲ್ಲದ ದಾರಿ, ತಡೆ ಇಲ್ಲದ ದುಬಾರಿ ದಾರಿಗಿಂತ ಮೇಲು. 6 ತಿಂಗಳು ಆದರೆ ಸಹಿಸಬಹುದು, 24 ಅಂತೂ ಆಗೋದೇ ಇಲ್ಲ.

ಮಾದಾಪುರ ಬೆಳೆಗಾರ

6 ತಿಂಗಳು ಅಂದರೂ ಒಂದು ಹಾರಾಟ ಹೋಯಿತು ತಮ್ಮ. ಕೃಷಿ ಪೇಪರ್‌ಗಳಿಗೆ ಬೇರೆಯೇ ನಿಯಮ ಬೇಕು. ರೋಗ, ಕೀಟದ ವಿಷಯ ಇದ್ದರೆ ಒಂದು ದಿನವೂ ತಡೀಬಾರದು.

ಗೋಣಿಕೊಪ್ಪ ಲೈಬ್ರರಿಯನ್

ಎಲ್ಲರ ಮಾತು ಕೇಳಿದ ಮೇಲೆ, ನಮ್ಮ ಪಟ್ಟಿಯಲ್ಲಿರೋ ಪ್ರತಿ ಜರ್ನಲ್ ಹಿಡಿದು ನೋಡಿದೆ. ಯಾವ ಪ್ರಕಾಶಕರದ್ದು ಎಷ್ಟು ತಿಂಗಳು ಅಂತ ಶೆರ್ಪಾ ರೋಮಿಯೊ ಡೇಟಾಬೇಸ್‌ನಲ್ಲಿ ಇರುತ್ತದೆ, ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್. ಜೊತೆಗೆ ನಮ್ಮ ಮೇಷ್ಟ್ರುಗಳು, ಮಕ್ಕಳು ನಿಜವಾಗಿ ಎಷ್ಟು ಬಳಸಿದ್ದಾರೆ ಅನ್ನೋ ರಿಪೋರ್ಟ್ ತೆಗೆದೆ.

ಎಂಬಾರ್ಗೊ ಉದ್ದ ಇದ್ದ ಜರ್ನಲ್‌ಗಳಲ್ಲಿ ಬಳಕೆಯೇ ಇಲ್ಲದವು ಇವೆ. ತಡೆ ಚಿಕ್ಕದಾಗಿದ್ದೂ ದಿನಾ ಬಳಸೋವು ಇವೆ. ಹೊರಗಡೆಯೂ ಇದೇ ಕಥೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ದೊಡ್ಡ ಪ್ರಕಾಶಕ ಎಲ್ಸೆವಿಯರ್ ಜೊತೆಗಿನ ಒಪ್ಪಂದ ಮುರಿದದ್ದು ಬೆಲೆ ಮತ್ತು ಓಪನ್ ಆಕ್ಸೆಸ್ ಷರತ್ತುಗಳ ಜಗಳದಿಂದ, ತಡೆ ಚಿಕ್ಕದಾಯಿತು ಅಂತ ಅಲ್ಲ. ಫ್ರೀ ಪ್ರತಿ ನಿಜವಾಗಿ ಲೆಕ್ಕಕ್ಕೆ ಬಂದದ್ದು ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ. 2020ರಲ್ಲಿ ಅವರು ಅನ್‌ಸಬ್ ಅನ್ನೋ ಸಾಧನ ಬಳಸಿದರು. ಯಾವ ಜರ್ನಲ್‌ನ ಎಷ್ಟು ಭಾಗ ಬೇರೆ ಕಡೆ ಫ್ರೀ ಸಿಗುತ್ತದೆ, ನಿಲ್ಲಿಸಿದರೆ ಎಷ್ಟು ಕೊರತೆ ಅಂತ ಅದು ಹೇಳುತ್ತದೆ. ಅದರಿಂದ ಎಲ್ಸೆವಿಯರ್‌ನ ದೊಡ್ಡ ಕಟ್ಟು ಬಿಟ್ಟು 248 ಜರ್ನಲ್ ಮಾತ್ರ ಉಳಿಸಿಕೊಂಡರು. ಅವರನ್ನೂ ಆ ಲೆಕ್ಕಕ್ಕೆ ಇಳಿಸಿದ್ದು ದುಡ್ಡಿನ ಬಿಕ್ಕಟ್ಟೇ. ಅದಾದ ಮೇಲೆ ಯಾವುದನ್ನು ಬಿಡೋದು ಅಂತ ಆರಿಸೋಕೆ ಫ್ರೀ ಪ್ರತಿ ಸಹಾಯ ಮಾಡಿತು.

ಹಾಗಾಗಿ ಮಂಡಳಿಗೆ ಹೇಳೋದು ಇಷ್ಟು. ಬಳಕೆ ಇಲ್ಲದವುಗಳನ್ನು ನಿಲ್ಲಿಸುತ್ತೇನೆ, ಎಂಬಾರ್ಗೊ ಎಷ್ಟೇ ಇರಲಿ. ಮಕ್ಕಳು ಬಳಸೋದನ್ನು ಬಿಡೋದಿಲ್ಲ, "ವರ್ಷ ಆದಮೇಲೆ ಫ್ರೀ" ಅನ್ನೋ ಮಾತನ್ನು ನಿಲ್ಲಿಸೋಕೆ ಕಾರಣವಾಗಿ ಒಪ್ಪೋದಿಲ್ಲ, ಯಾಕೆಂದರೆ ನಾನು ಹುಡುಕಿ ನೋಡಿದ್ದೇನೆ, ಹೆಚ್ಚಿನವು ಫ್ರೀ ಆಗಿಲ್ಲ. ಉಳಿದ ದುಡ್ಡಲ್ಲಿ ಇತಿಹಾಸ ವಿಭಾಗ ಕೇಳುತ್ತಿರೋ ಸಣ್ಣ ಸಂಘದ ಪತ್ರಿಕೆಗಳಿಗೆ ಚಂದಾ ಕಟ್ಟುತ್ತೇನೆ. ಮೇಷ್ಟ್ರ ಮಾತು ಮನಸ್ಸಿಗೆ ತಾಗಿತು.

ಇನ್ನೊಂದು ಕೆಲಸ ನಮ್ಮ ಕಾಲೇಜಿನಿಂದಲೇ ಶುರು ಮಾಡಬೇಕು ಅಂತಿದ್ದೇನೆ. ನಮ್ಮ ಮೇಷ್ಟ್ರುಗಳು ಬರೆದ ಪೇಪರ್‌ಗಳ ಹಸ್ತಪ್ರತಿ ಸಂಗ್ರಹಿಸೋದು. ಆದರೆ ನಮ್ಮಲ್ಲಿ ರೆಪೊಸಿಟರಿ ಇಲ್ಲ, ಸರ್ವರ್ ಇಡೋಕೆ ದುಡ್ಡೂ ಇಲ್ಲ. ಏನು ಮಾಡೋದು?

ದೇವರಕಾಡು

ಅಕ್ಕ, ಸರ್ವರ್ ಬೇಡ. ಜೆನೊಡೊ ಅನ್ನೋ ಆನ್‌ಲೈನ್ ರೆಪೊಸಿಟರಿ ಇದೆ, ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನವರದ್ದು, 2013ರಿಂದ ನಡೀತಿದೆ. ಯಾವ ಕಾಲೇಜಿನವರು ಬೇಕಾದರೂ ಹಾಕಬಹುದು, ದುಡ್ಡಿಲ್ಲ, ಡಿಒಐ (ಪೇಪರ್‌ನ ಶಾಶ್ವತ ಗುರುತು ಸಂಖ್ಯೆ) ಕೂಡ ಕೊಡುತ್ತದೆ. ಮುಖ್ಯವಾಗಿ ಅದರಲ್ಲಿ ಎಂಬಾರ್ಗೊ ದಿನಾಂಕ ಹಾಕೋ ಜಾಗ ಇದೆ. ಪೇಪರ್ ಒಪ್ಪಿಗೆ ಆದ ವಾರವೇ ಹಸ್ತಪ್ರತಿ ಹಾಕಿ, ತಡೆ ಮುಗಿಯೋ ದಿನಾಂಕ ಕೊಟ್ಟುಬಿಡಿ. ಆ ದಿನ ತಾನಾಗಿಯೇ ತೆರೆದುಕೊಳ್ಳುತ್ತದೆ, ಯಾರೂ ನೆನಪಿಟ್ಟುಕೊಳ್ಳೋದು ಬೇಡ. ಹಾಕೋ ಮೊದಲು ಜರ್ನಲ್‌ನ ನಿಯಮ ಒಮ್ಮೆ ನೋಡಿ. ಸಂಸ್ಥೆಯ ರೆಪೊಸಿಟರಿಗೆ ಒಂದು ನಿಯಮ, ಹೊರಗಿನದಕ್ಕೆ ಇನ್ನೊಂದು ಅಂತ ಕೆಲವರು ಇಟ್ಟಿರುತ್ತಾರೆ. ಜರ್ನಲ್‌ನವರ ಪಿಡಿಎಫ್ ಅಂತೂ ಹಾಕಬೇಡಿ, ನಿಮ್ಮ ವರ್ಡ್ ಫೈಲನ್ನೇ ಹಾಕಿ.

ನನ್ನ ಗೈಡ್ ಹತ್ತಿರ ಮಾತಾಡಿದ್ದೇನೆ. ನಮ್ಮ ಗುಂಪಿನ ಹಳೆಯ ಪೇಪರ್‌ಗಳ ಹಸ್ತಪ್ರತಿ ಹುಡುಕಿ ಹಾಕೋಕೆ ಒಪ್ಪಿದ್ದಾರೆ. ಕೆಲವು ಫೈಲ್‌ಗಳು ಹಳೆಯ ಕಂಪ್ಯೂಟರ್‌ನಲ್ಲಿ ಇವೆಯಂತೆ, ಅದನ್ನು ಮೊದಲು ಎಬ್ಬಿಸಬೇಕು.

ಮಾದಾಪುರ ಬೆಳೆಗಾರ

ತಂಗಿ, ಹಾಕಿದ ಮೇಲೆ ಲಿಂಕ್ ಇಲ್ಲೇ ಕೊಡಿ. ನಮ್ಮ ಬೆಳೆಗಾರರ ಗುಂಪಿಗೆ ನಾನು ಕಳಿಸುತ್ತೇನೆ. ಕಾಂಡಕೊರಕದ ಮೇಲೆ ಕೆಲಸ ಮಾಡೋರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಿಮ್ಮದನ್ನೂ ಹಾಕಿ, ಸೆಪ್ಟೆಂಬರ್ ಒಳಗೆ ಆದರೆ ಉಪಕಾರ.